ಪರದೆಯ ಮೂಲೆಯ ಹಳದಿ ದೀಪ

ಕಂಪ್ಯೂಟರಿನ ಮುಂದೆ ಕುಳಿತವರು ಪರದೆಯ ಬಲಗಡೆಯ ಮೂಲೆಯತ್ತ ಕಣ್ಣು ಹಾಯಿಸುವುದು ಬಹುತೇಕ ಒಂದೇ ಕಾರಣಕ್ಕೆ: ಊಟಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ತಿಳಿಯಲು. ಅಲ್ಲಿ ಗಡಿಯಾರವಿರುತ್ತದೆ. ಗಡಿಯಾರದ ಮಗ್ಗುಲಲ್ಲಿ ಕಡಲೆಕಾಳಿನ ಗಾತ್ರದ ನಾಲ್ಕಾರು ಚಿತ್ರಗಳು ಸಾಲಾಗಿ ಕುಳಿತಿರುತ್ತವೆ. ಒಂದು ಧ್ವನಿಯ ಉಸ್ತುವಾರಿಯದು, ಒಂದು ಪ್ರಿಂಟರಿನದು, ಇನ್ನೊಂದು ಯಾರೋ ಸಂದೇಶ ಕಳಿಸಿದ್ದಾರೆಂದು ತಿಳಿಸುವಂಥದು. ಗರ್ಭಗುಡಿಯ ದೇವರಿಗೆ ಮನಸಾರೆ ಕೈಮುಗಿದು, ಪ್ರದಕ್ಷಿಣೆಯ ದಾರಿಯಲ್ಲಿರುವ ಪರಿವಾರ ದೇವತೆಗಳಿಗೆ ನಡೆಯುತ್ತಲೇ ಕೈಯೆತ್ತಿ ಮುಂದೆ ಸಾಗುವ ಭಕ್ತರಂತೆ ನಾವು ಈ ಚಿತ್ರಗಳನ್ನು ಕಂಡೂ ಕಾಣದಂತೆ ದಾಟಿಬಿಡುತ್ತೇವೆ. ನೀವೂ ಹಾಗೆಯೇ ಇರಬಹುದು. ನಾನಂತೂ ಹಾಗೆಯೇ ಇದ್ದೆ, ಸಹೋದ್ಯೋಗಿ ಸುಗುಣಳ ಮೇಜಿನ ಮುಂದೆ ಕೈಯೆಲ್ಲ ಮುದ್ದೆ ಮಾಡಿಕೊಂಡು ಕುಳಿತ ಆ ಶನಿವಾರದ ತನಕ.

ಅದನ್ನು ಹೇಳುವ ಮೊದಲು ನಾನು ಅಲ್ಲಿಗೆ ತಲುಪಿದ ಬಗೆಯನ್ನು ಹೇಳಬೇಕು. ಕನ್ನಡ ಎಂ.ಎ. ಮಾಡಿ, ಹಳಗನ್ನಡದ ವ್ಯಾಕರಣವನ್ನು ಅರೆದು ಕುಡಿದವನೆಂಬ ಭ್ರಮೆಯಲ್ಲಿದ್ದ ನನಗೆ ತೊಂಬತ್ತರ ದಶಕದ ಕೊನೆಯಲ್ಲಿ ಯಾವ ಕಾಲೇಜೂ ಪೀಠವನ್ನು ಕೊಡಲಿಲ್ಲ; ಕುರ್ಚಿಯನ್ನೂ ಕೊಡಲಿಲ್ಲ. ಬೆಂಗಳೂರಿನ ಶಿವಾಜಿನಗರದ ಒಂದು ಚಪ್ಪಲಿ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ತರಗತಿಗೆ ಸೇರಿ, ಕೆಳಗಿನ ಹೊಸ ಚರ್ಮದ ವಾಸನೆಯನ್ನು ಕುಡಿಯುತ್ತಲೇ ಡಿಪ್ಲೊಮಾ ಮುಗಿಸಿದೆ. ಇಂದಿರಾನಗರದ ಒಂದು ಬಂಗಲೆಯಲ್ಲಿದ್ದ ಕಚೇರಿ ನನಗೆ ಕೆಲಸ ಕೊಟ್ಟಿತು. ಪರದೇಶದ ಪ್ರಕಾಶಕರ ಪಠ್ಯಪುಸ್ತಕಗಳಿಗೆ ಪುಟ ಜೋಡಿಸಿಕೊಡುವುದು ಆ ಕಚೇರಿಯ ವ್ಯವಹಾರ. ಎರಡು ಮಹಡಿಯ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಉದ್ಯೋಗ. ರಿಚರ್ಡ್ಸ್ ಟೌನಿನ ಒಂದು ಹಳೆಯ ಮನೆಯ ಹಿತ್ತಲಿನ ಔಟ್‌ಹೌಸಿನಿಂದ ಹೊರಟು, ಹಲಸೂರು ಕೆರೆಯ ಪಕ್ಕದಲ್ಲಿ ಸ್ಕೂಟರಿನ ವೇಗ ತಗ್ಗಿಸಿ ಒಂದಿಷ್ಟು ತಂಗಾಳಿ ಪಡೆದು, ಬೆಳಿಗ್ಗೆ ಕಚೇರಿಗೆ ಕಾಲಿಡುವಷ್ಟರಲ್ಲಿ ಯಾರಾದರೊಬ್ಬರು ಬಾಗಿಲಲ್ಲೇ ನಿಂತು, 'ಗುರೂ, ನನ್ ಮೆಷಿನ್ ಸ್ವಲ್ಪ ನೋಡ್ಬಿಡು' ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ನಮ್ಮ ಮಾಲೀಕರಿಗೆ ಉಚಿತ ತಂತ್ರಾಂಶದ ಮೇಲೆ ಅನುರಾಗ ಹುಟ್ಟಿತು. ಜಗತ್ತಿನ ನಾನಾ ಮೂಲೆಗಳ ಉತ್ಸಾಹಿಗಳು ಸಂಬಳವಿಲ್ಲದೆ ಸೇರಿ ಬರೆದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ತಂತ್ರಾಂಶ ಅದು. ಎಲ್ಲ ಕಂಪ್ಯೂಟರುಗಳಿಗೂ ಅದನ್ನೇ ಹಾಕಿದೆವು. ಒಳ್ಳೆಯದೇ ಇತ್ತು, ಆದರೆ ಆ ಬಲಮೂಲೆಯಲ್ಲಿ ಮಾತ್ರ ಏನೋ ಎಡವಟ್ಟು. ಒಮ್ಮೆ ಚಿತ್ರಗಳು ಬಸ್ಸಿನಲ್ಲಿ ನಿಂತವರಂತೆ ಒಂದರ ಮೇಲೊಂದು ಬೀಳುತ್ತಿದ್ದವು. ಒಮ್ಮೆ ಚಿತ್ರ ಹೋಗಿ ಕಪ್ಪು ಚೌಕ ಉಳಿಯುತ್ತಿತ್ತು. ನನ್ನ ಪಾಂಡಿತ್ಯವನ್ನು ವ್ಯರ್ಥ ಮಾಡಬಾರದೆಂದು ನಾನು ಆ ಜಾಗಕ್ಕೆ 'ಸೂಚನಾಂಗಣ' ಎಂದು ನಾಮಕರಣ ಮಾಡಿ ಎಲ್ಲರಿಗೂ ಸುತ್ತೋಲೆ ಕಳಿಸಿದ್ದೆ. ಸುಗುಣ ಅದನ್ನು 'ಮೂಲೆ' ಎಂದು ಕರೆದಳು. ಮಾರನೆಯ ದಿನದಿಂದ ಇಡೀ ಕಚೇರಿಗೆ ಅದು ಮೂಲೆಯೇ ಆಯಿತು.

ಸುಗುಣ ಗರುಡಾಚಾರ್‌ಪಾಳ್ಯದವಳು. ಆಕೆಯ ತಂದೆ ಒಂದು ಕಾಲಕ್ಕೆ ಅಲ್ಲಿ ರಾಗಿ, ಅವರೆ ಬೆಳೆಯುತ್ತಿದ್ದವರು. ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಹೊಲವಿದ್ದಲ್ಲಿ ಸಾಲುಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಮಗುವಾಗಿದ್ದಾಗ ಬಂದ ಜ್ವರವೊಂದು ಸುಗುಣಳ ಶ್ರವಣಶಕ್ತಿಯನ್ನು ಪೂರ್ತಿ ಕಸಿದುಕೊಂಡಿತ್ತು. ಅಷ್ಟರೊಳಗೆ ಮಾತು ಕಲಿತಿದ್ದಳಾದ್ದರಿಂದ ಮಾತು ಉಳಿಯಿತು; ಏರಿಳಿತವಿಲ್ಲದ, ಗಾಳಿಗೆ ಎದುರಾಗಿ ನಿಂತು ಆಡಿದಂಥ ಮಾತು. ಎದುರಿಗಿರುವವರ ತುಟಿ ನೋಡಿ ಮಾತು ಗ್ರಹಿಸುವುದನ್ನು ಕಂಟೋನ್ಮೆಂಟ್ ಕಡೆಯ ಒಂದು ಶಾಲೆಯಲ್ಲಿ ಕಲಿತಿದ್ದಳು. ಕೆಳಮಹಡಿಯ ಹಾಲಿನಲ್ಲಿ ಕಿಟಕಿಯ ಪಕ್ಕದ ಮೇಜು ಅವಳದು. ಪುಟಗಳನ್ನು ತಿದ್ದಿ, ಜೋಡಿಸಿ, ಪ್ರಕಾಶಕರಿಗೆ ಕಳಿಸುವ ಕೆಲಸ.

ಆಕೆಯನ್ನು ಕರೆಯಬೇಕೆಂದರೆ ಮೊದಲೆಲ್ಲ ಹಿಂದಿನಿಂದ ಹೋಗಿ ಭುಜ ತಟ್ಟುತ್ತಿದ್ದರು. ಪ್ರತಿ ಸಲವೂ ಬೆಚ್ಚಿಬೀಳುತ್ತಿದ್ದಳು. ಬೆಚ್ಚಿಬಿದ್ದ ಮೇಲೆ ಬೈಯುತ್ತಿದ್ದಳು. ಹೊಸ ತಂತ್ರಾಂಶದೊಂದಿಗೆ ಒಬ್ಬರಿಗೊಬ್ಬರು ಸಂದೇಶ ಕಳಿಸುವ ಸೌಕರ್ಯವೂ ಬಂತು. ಸಂದೇಶ ಬಂದಾಗ ಮೂಲೆಯಲ್ಲಿರುವ ಬೂದು ಬಣ್ಣದ ಚುಕ್ಕೆ ಹಳದಿಯಾಗುತ್ತಿತ್ತು. ಉಳಿದವರಿಗೆ ಅದರ ಜೊತೆ 'ಟಿಂಗ್' ಎಂಬ ಸದ್ದೂ ಕೇಳುತ್ತಿತ್ತು. ಸುಗುಣಳ ಕಂಪ್ಯೂಟರಿಗೆ ಸ್ಪೀಕರನ್ನೇ ಕೊಟ್ಟಿರಲಿಲ್ಲ. ಅವಳಿಗೆ ಹಳದಿಯೇ ಸಾಕಾಗಿತ್ತು. ಆ ಹಳದಿ ಬಂದ ಮೇಲೆ ಕಚೇರಿಯ ಹರಟೆಗೆ ಅವಳೂ ಸೇರಿದಳು, ಸೇರಿದ ಒಂದೇ ವಾರಕ್ಕೆ ಹರಟೆಯ ಯಜಮಾನಿಯಾದಳು. ಯಾರ ಹೊಸ ಅಂಗಿಯೂ ಅವಳ ಒಂದು ಸಾಲಿನ ವಿಮರ್ಶೆಯಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. 'ಸೂಚನಾಂಗಣದಲ್ಲಿ ನೀರು ಚಿಮುಕಿಸಿ ರಂಗೋಲಿ ಹಾಕಬೇಕಾ ಸಾರ್' ಎಂದು ನನಗೂ ಒಂದು ಬಂದಿತ್ತು.

ಹೀಗಿರುವಾಗ ತಂತ್ರಾಂಶದ ಹೊಸ ಆವೃತ್ತಿ ಬಂತು. ನಾನೇ ಎಲ್ಲ ಕಡೆ ಹಾಕಿದೆ. ಒಂದರ ಮೇಲೊಂದು ಬೀಳುವ ಚಿತ್ರಗಳು ಶಿಸ್ತಾಗಿ ಸಾಲಿನಲ್ಲಿ ಕುಳಿತವು, ಕಪ್ಪು ಚೌಕಗಳೂ ಮಾಯವಾದವು. ಎಲ್ಲರಿಗೂ ಸಮಾಧಾನ. ಸುಗುಣಳಿಗೆ ಮಾತ್ರ ಆಗಿನಿಂದ ಸಂಕಟ ಶುರುವಾಯಿತು.

ಮೇಲ್ಮಹಡಿಯಲ್ಲಿ ನಮ್ಮ ಮೇಲ್ವಿಚಾರಕರಾದ ದಿವಾಕರ್ ಅವರ ಕೋಣೆ. ಮಂಡಿನೋವಿನ ಮನುಷ್ಯ, ಮೆಟ್ಟಿಲಿಳಿದು ಬರುವುದಕ್ಕಿಂತ ಸಂದೇಶ ಕಳಿಸುವುದನ್ನೇ ಇಷ್ಟಪಡುತ್ತಿದ್ದವರು. ಒಂದು ದಿನ ಗಣಿತದ ಪುಸ್ತಕವೊಂದರ ಅಧ್ಯಾಯದಲ್ಲಿ ಪ್ರಕಾಶಕರು ಕೊನೆಯ ಗಳಿಗೆಯಲ್ಲಿ ತಿದ್ದುಪಡಿ ಹೇಳಿದರು. 'ಆ ಅಧ್ಯಾಯ ಕಳಿಸಬೇಡ, ತಡಿ' ಎಂದು ದಿವಾಕರ್ ಸುಗುಣಳಿಗೆ ಸಂದೇಶ ಹಾಕಿದರು. ಅವಳು ಅಧ್ಯಾಯವನ್ನು ಕಳಿಸಿಬಿಟ್ಟಳು. ಕೇಳಿದ್ದಕ್ಕೆ, 'ಹಳದಿ ಬರ್ಲಿಲ್ಲ ಸಾರ್' ಎಂದಳು. ದಿವಾಕರ್ ಕೆಳಗಿಳಿದು ಬಂದು ಅವಳ ಮೌಸ್ ಹಿಡಿದು ಬಾಣವನ್ನು ಮೂಲೆಯತ್ತ ಸರಿಸಿ ತೋರಿಸಿದರು. ಹಳದಿ ಢಾಳಾಗಿ ಹೊಳೆಯುತ್ತಿತ್ತು.

'ಬಂದಿದ್ಯಲ್ಲಮ್ಮ. ಇದೇನಿದು ಮತ್ತೆ?'

ಅವಳು ಹಳದಿಯನ್ನೂ ಅವರನ್ನೂ ನೋಡಿದಳು. 'ಆಗ ಇರ್ಲಿಲ್ಲ' ಎಂದಳು.

ಮತ್ತೊಂದು ವಾರ ಇದೇ ಪುನರಾವರ್ತನೆ, ಅದರ ಮುಂದಿನ ವಾರವೂ ಅದೇ. ಅವಳು ಹಳದಿ ಬರಲಿಲ್ಲ ಎನ್ನುವುದು, ಯಾರಾದರೂ ಬಂದು ನೋಡಿದರೆ ಹಳದಿ ಇರುವುದು. ಪ್ರಕಾಶಕರು ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಬರೆದರು. ಮಾಲೀಕರು ದಿವಾಕರ್ ಅವರನ್ನು ಕರೆಸಿ ಮಾತಾಡಿದರು. ದಿವಾಕರ್ ಕೆಟ್ಟವರಲ್ಲ, ಕೋಣೆಯಿಂದ ಹೊರಬಂದಾಗ ಅವರ ಮುಖ ಬಾಡಿತ್ತು. ಸೋಮವಾರದಿಂದ ಸುಗುಣ ಬಂಗಲೆಯ ಹಿಂದಿನ ಕಾರ್‌ಷೆಡ್ಡಿನಲ್ಲಿ ಹಳೆಯ ಕಾಗದದ ಕರಡುಗಳನ್ನು ಜೋಡಿಸಿಡಬೇಕೆಂದು ತೀರ್ಮಾನವಾಯಿತು. ಅಲ್ಲಿ ಕಂಪ್ಯೂಟರಿರಲಿಲ್ಲ, ಕಿಟಕಿಯೂ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವಳು ನನ್ನ ಮೇಜಿನ ಬಳಿ ಬಂದು ನಿಂತಳು.

'ಕಿವಿ ಕೇಳ್ಸಲ್ಲ ಅನ್ನೋದು ನಂಗೆ ಅಭ್ಯಾಸ ಆಗಿದೆ ಸಾರ್. ಈಗ ಕಣ್ಣೂ ಕಾಣ್ಸಲ್ಲ ಅಂತಿದಾರೆ. ಇಲ್ಲಾಂದ್ರೆ ಸುಳ್ ಹೇಳ್ತೀನಿ ಅಂತ. ನೀವಾದ್ರೂ ಒಂದ್ಸಲ ಸರಿಯಾಗ್ ನೋಡಿ.'

ನಾನು ಆಗಲೇ ಎರಡು ಸಲ ನೋಡಿದ್ದೆ. ಎರಡು ಸಲವೂ ಅವಳ ಕುರ್ಚಿಯಲ್ಲಿ ಕುಳಿತು, ಮೌಸ್ ಹಿಡಿದು ಅದನ್ನೂ ಇದನ್ನೂ ತೆರೆದು, ಸಂದೇಶ ಕಳಿಸಿಕೊಂಡು ಪರೀಕ್ಷಿಸಿದ್ದೆ. ಹಳದಿ ತಪ್ಪದೆ ಬಂದಿತ್ತು. ಆದರೂ ಅವಳ ಮಾತಿನಲ್ಲಿ ನನಗೆ ನಂಬಿಕೆಯಿತ್ತು. ಇಡೀ ಪುಟದಲ್ಲಿ ಒಂದು ಉದ್ಧರಣ ಚಿಹ್ನೆ ತಲೆಕೆಳಗಾಗಿದ್ದರೆ ದೂರದಿಂದಲೇ ಪತ್ತೆ ಹಚ್ಚುವ ಕಣ್ಣುಗಳು ಹಳದಿ ದೀಪವನ್ನು ಕಾಣದೆ ಹೋಗುತ್ತವೆಯೇ? ಆದರೆ ನಂಬಿಕೆಯನ್ನು ಮಾಲೀಕರ ಮುಂದೆ ಒಯ್ದು ಇಡುವುದು ಹೇಗೆ? ನಾಳೆ ಅರ್ಧ ದಿನದ ಕೆಲಸ, ಎಲ್ಲರೂ ಹೋದ ಮೇಲೆ ಕೂತು ನೋಡೋಣ ಎಂದೆ.

ಶನಿವಾರ ಮಧ್ಯಾಹ್ನ ಕೆಳಮಹಡಿಯ ಹಾಲ್ ಖಾಲಿಯಾಯಿತು. ಉಳಿದವರು ಸುಗುಣ, ನಾನು ಮತ್ತು ಮುಂಬಾಗಿಲ ಮೇಜಿನಲ್ಲಿ ಕುಳಿತು ಫೋನು, ಅಂಚೆ, ಬಂದುಹೋಗುವವರನ್ನು ನೋಡಿಕೊಳ್ಳುತ್ತಿದ್ದ ಸ್ಟೆಲ್ಲಾ. ನಾನು ಸುಗುಣಳ ಕಂಪ್ಯೂಟರನ್ನು ಒಳಹೊರಗೆಲ್ಲ ಜಾಲಾಡಿದೆ. ಎಲ್ಲವೂ ಸರಿಯಾಗಿತ್ತು, ಅದೇ ನನ್ನ ದುಃಖ. ಹಸಿವಾದಾಗ ಕೈಚೀಲದಿಂದ ಒಣಗಿ ಅಂಚು ಮೇಲೆದ್ದಿದ್ದ ಎರಡು ಚಪಾತಿಗಳನ್ನು ಹೊರತೆಗೆದೆ. ಸುಗುಣ ಅವುಗಳನ್ನು ಪರಾಂಬರಿಸಿ ನೋಡಿ, ಮುಚ್ಚಿ ಪಕ್ಕಕ್ಕಿಟ್ಟು, ತನ್ನ ಸ್ಟೀಲ್ ಕ್ಯಾರಿಯರನ್ನು ಮೇಜಿನ ಮೇಲೆ ಬಿಚ್ಚಿದಳು. ಅವರೆಕಾಯಿಯ ಕಾಲ. ಆಕೆಯ ತಾಯಿ ಹಿತಕಿದ ಅವರೆಬೇಳೆಯ ಸಾರು ಮಾಡಿ, ಮುದ್ದೆ ಕಟ್ಟಿಕೊಟ್ಟಿದ್ದರು. ಕೀಬೋರ್ಡನ್ನು ಹಿಂದಕ್ಕೆ ಸರಿಸಿ, ತಟ್ಟೆಯ ಕೆಳಗೆ ಹಳೆಯ ಕರಡು ಹಾಳೆ ಹಾಸಿ, ಇಬ್ಬರೂ ಪರದೆಗೆ ಮುಖಮಾಡಿಯೇ ಊಟಕ್ಕೆ ಕುಳಿತೆವು. ಮುದ್ದೆಯ ಊಟ ಗೊತ್ತಿರುವವರಿಗೆ ಹೇಳಬೇಕಿಲ್ಲ, ಅದು ಐದು ಬೆರಳನ್ನೂ ಪೂರ್ಣಾವಧಿ ಉದ್ಯೋಗಕ್ಕೆ ತೆಗೆದುಕೊಳ್ಳುತ್ತದೆ. ನನ್ನ ಬಲಗೈ ಮಣಿಕಟ್ಟಿನವರೆಗೆ ಸಾರಾಗಿತ್ತು. ಎಡಗೈ ತಟ್ಟೆ ಹಿಡಿದಿತ್ತು.

ಅಷ್ಟರಲ್ಲಿ ಸ್ಟೆಲ್ಲಾ ಹೆಗಲಿಗೆ ಬ್ಯಾಗು ಹಾಕಿಕೊಂಡು ಹಾಲಿನ ಬಾಗಿಲಿಗೆ ಬಂದಳು.

'ಏನ್ ಸಾರ್, ಬೀಗದ ಕೈ ಯಾರ್ ಹತ್ರ ಇರುತ್ತೆ ಅಂತ ಸುಗುಣಂಗೆ ಮೆಸೇಜ್ ಹಾಕಿ ಎಷ್ಟೊತ್ತಾಯ್ತು. ಇಬ್ರೂ ಸ್ಕ್ರೀನ್ ನೋಡ್ಕೊಂಡೇ ಊಟ ಮಾಡ್ತಿದೀರಾ, ಒಂದು ರಿಪ್ಲೈ ಇಲ್ಲ.'

ನಾನು ಮೂಲೆಯನ್ನು ನೋಡಿದೆ. ಬೂದು. ಸ್ಟೆಲ್ಲಾ ಹೇಳಿದ್ದನ್ನು ತುಟಿಯಲ್ಲೇ ಓದಿದ ಸುಗುಣ ಕೂಡ ಅತ್ತ ನೋಡಿದಳು. ಬೂದೇ. 'ಬಂದಿಲ್ವಲ್ಲಾ' ಎಂದೆ, ಬಾಯಲ್ಲಿ ಮುದ್ದೆಯಿದ್ದದ್ದರಿಂದ ಅಸ್ಪಷ್ಟವಾಗಿ. ಸ್ಟೆಲ್ಲಾ ನಂಬದೆ ಹತ್ತಿರ ಬಂದು, ಊಟಮಾಡದ ತನ್ನ ಶುಭ್ರವಾದ ಕೈಯಿಂದ ಮೌಸನ್ನು ಅಲುಗಿಸಿ ಬಾಣವನ್ನು ಮೂಲೆಗೆ ಒಯ್ದಳು. ತಕ್ಷಣ ಹಳದಿ ಹೊತ್ತಿತು.

ಬಾಯಲ್ಲಿದ್ದ ಮುದ್ದೆಯನ್ನು ಗಬಕ್ಕನೆ ನುಂಗಿದೆ. ಆಮೇಲೆ ಸ್ಟೆಲ್ಲಾಳನ್ನು ಬೇಡಿಕೊಂಡೆ. ಬ್ಯಾಗು ಇಳಿಸಿ, ಇನ್ನೊಂದು ಸಂದೇಶ ಕಳಿಸಿ ಬರಲು. ನಾವಿಬ್ಬರೂ ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಕಾದೆವು. ಬೂದು. ಮೌಸ್ ಅಲುಗಿಸಿದರೆ ಹಳದಿ. ಮತ್ತೊಮ್ಮೆ ಕಳಿಸಿದಳು, ಮತ್ತೆ ಅದೇ. ಪರದೆಯ ಮೂಲೆಗೆ ದೀಪ ಹಚ್ಚಬೇಕೆಂಬ ಸುದ್ದಿ ಮುಟ್ಟುತ್ತಿತ್ತು, ಆದರೆ ಬಾಣ ಅದರ ಮೇಲೆ ಹಾಯುವ ತನಕ ಅದು ತನ್ನ ಹೊಸ ಬಣ್ಣವನ್ನು ಹೊರಗೆ ತೋರಿಸುತ್ತಿರಲಿಲ್ಲ. ಉಳಿದವರು ದಿನವಿಡೀ ಮೌಸ್ ಆಡಿಸುವವರು, ಜೊತೆಗೆ ಟಿಂಗ್ ಎಂಬ ಸದ್ದು ಬೇರೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಸುಗುಣ ಮಾತ್ರ ಎಲ್ಲವನ್ನೂ ಕೀಬೋರ್ಡಿನಲ್ಲೇ ಮಾಡುವವಳು, ಗಂಟೆಗಟ್ಟಲೆ ಮೌಸ್ ಮುಟ್ಟುತ್ತಿರಲಿಲ್ಲ. ಅವಳ ಮಾತನ್ನು ಪರೀಕ್ಷಿಸಲು ಬಂದ ಪ್ರತಿಯೊಬ್ಬರೂ, ನಾನೂ ಸೇರಿ, ಮೊದಲು ಮಾಡಿದ್ದೇ ಮೌಸ್ ಹಿಡಿದದ್ದು.

ಸುಗುಣ ಕೈ ತೊಳೆದು ಬಂದು, ಕ್ಯಾರಿಯರಿನ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ ಕೊಂಡಿ ಹಾಕಿದಳು. ಆಮೇಲೆ, 'ಸೋಮವಾರ ಅವ್ರನ್ನೂ ಕೈ ಕಟ್ಟಿ ಕೂರ್ಸಿ ಸಾರ್' ಎಂದಳು.

ಸೋಮವಾರ ಬೆಳಿಗ್ಗೆ ದಿವಾಕರ್ ಅವರನ್ನು ಕೆಳಗೆ ಕರೆತಂದು ಸುಗುಣಳ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಳ್ಳಬೇಕೆಂದು ವಿನಂತಿಸಿದೆ. ಸ್ಟೆಲ್ಲಾ ಸಂದೇಶ ಕಳಿಸಿದಳು. ಮೂಲೆ ಬೂದಾಗಿಯೇ ಇತ್ತು. ಅವರು ನೋಡುತ್ತಾ ಕುಳಿತರು. ಅಭ್ಯಾಸಬಲದಿಂದ ಬಲಗೈ ಜೇಬಿನಿಂದ ಎದ್ದುಬಂತು. ಅವರೇ ಅದನ್ನು ಮತ್ತೆ ಒಳಗಿಟ್ಟರು. ಕೊನೆಗೆ ನಾನು ಮೌಸ್ ಸರಿಸಿದೆ. ಹಳದಿ ಕಂಡದ್ದೇ ಅವರು ಎದ್ದು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಮೇಲೆ ಹೋಗಿಬಿಟ್ಟರು. ಕಾರ್‌ಷೆಡ್ಡಿನ ವಿಷಯ ಏನಾಯಿತೆಂದು ನಮಗೆ ತಿಳಿಯಲಿಲ್ಲ. ಸುಗುಣ ತನ್ನ ವಸ್ತುಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿಟ್ಟುಕೊಂಡೇ ಕೆಲಸಕ್ಕೆ ಕುಳಿತಳು.

ಊಟದ ಹೊತ್ತಿಗೆ ದಿವಾಕರ್ ಮತ್ತೆ ಇಳಿದು ಬಂದರು. ಈ ಸಲ ಮುಖ ಕೆಂಪಾಗಿತ್ತು. ನೇರವಾಗಿ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು:

'ನೋಡಿ, ಆಗಿದ್ದು ಆಯ್ತು ಅಂತ ನಾನೇ ಮೆಸೇಜ್ ಹಾಕಿದೀನಿ. ಬೆಳಿಗ್ಗೆನೇ. ಒಂದು ಮಾತಿಗೂ ಉತ್ತರ ಇಲ್ಲ. ಕೋಪ ಇರ್ಬಹುದು, ಆದ್ರೆ ಇಷ್ಟೊಂದಾ?'

ನಾನು ಸುಗುಣಳ ಪರದೆಯ ಕಡೆ ಕೈ ತೋರಿಸಿದೆ. ಅವರು ಅತ್ತ ತಿರುಗಿದರು. ಬೂದು ಚುಕ್ಕೆ ತನ್ನ ಪಾಡಿಗೆ ತಾನಿತ್ತು. ಅವರ ಮುಖದ ಕೆಂಪು ಇಳಿಯುತ್ತಾ ಹೋದದ್ದನ್ನು ನಾನು ನೋಡಿದೆ. ಮೌಸ್ ಸರಿಸಲು ಹೋದ ನನ್ನನ್ನು ತಡೆದು, 'ಬೇಡ, ಬಿಡಿ. ನಾನೇ ಹೇಳ್ತೀನಿ' ಎಂದು ಅವಳ ಎದುರಿಗೆ ಹೋಗಿ ನಿಂತು ಏನೋ ಹೇಳಿದರು.

ಸುಗುಣ ಕಣ್ಣು ಕಿರಿದಾಗಿಸಿ ಅವರ ಮುಖ ನೋಡಿದಳು. 'ಮೀಸೆ ಸಾರ್' ಎಂದಳು. 'ತುಟಿ ಕಾಣಲ್ಲ.'

ದಿವಾಕರ್ ಅವರ ಮೀಸೆ ದಪ್ಪನೆಯದು; ಮೇಲ್ದುಟಿಯನ್ನು ಪೂರ್ತಿ ಆವರಿಸಿ ಕೆಳದುಟಿಯ ಗಡಿಯವರೆಗೂ ಬಂದಿತ್ತು. ಅವರು ಎರಡು ಬೆರಳಿನಿಂದ ಮೀಸೆಯನ್ನು ಮೇಲಕ್ಕೆತ್ತಿ ಹಿಡಿದು, ಬೆಳಿಗ್ಗೆ ಗುಟ್ಟಾಗಿ ಬರೆದು ಕಳಿಸಿದ್ದನ್ನು ಬಿಡಿಬಿಡಿಯಾಗಿ, ಜೋರಾಗಿ ಹೇಳಿದರು:

'ನಂದು ತಪ್ಪಾಯ್ತಮ್ಮ. ನೀನ್ ಸುಳ್ ಹೇಳಿರ್ಲಿಲ್ಲ. ಎಲ್ಲೂ ಹೋಗ್ಬೇಡ, ಇಲ್ಲೇ ಕೂತು ಕೆಲ್ಸ ಮಾಡು.'

ಹಾಲಿನಲ್ಲಿದ್ದವರೆಲ್ಲ ಕೇಳಿದರು. ಕೇಳಬೇಕಾದವಳು ನೋಡಿದಳು. 'ಆಯ್ತು ಸಾರ್' ಎಂದು, ರಟ್ಟಿನ ಪೆಟ್ಟಿಗೆಯಿಂದ ತನ್ನ ಪೆನ್ನಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟಳು.

ಇನ್ನು ದೀಪವನ್ನು ರಿಪೇರಿ ಮಾಡುವ ಹೊಣೆ ನನ್ನ ಪಾಲಿಗೆ ಬಂತು. ನಾನು ತಂತ್ರಾಂಶ ಬರೆಯುವವನಲ್ಲ. ಯಾರೋ ಬರೆದದ್ದನ್ನು ಹಾಕಿಕೊಡುವವನು. ಆದರೂ ಅದರ ಒಡಲನ್ನು ಬಿಚ್ಚಿ ಓದತೊಡಗಿದೆ. ಹಳೆಯ ಚಂಪೂಕಾವ್ಯ ಓದಿದ ಅನುಭವ ಒಂದು ಮಟ್ಟಿಗೆ ನೆರವಾಯಿತು. ಅರ್ಥವಾಗದ ಸಾಲಿನ ಮುಂದೆ ಗೌರವದಿಂದ ಕುಳಿತಿರುವ ತಾಳ್ಮೆ ನನಗೆ ಆಗಲೇ ಸಿದ್ಧಿಸಿತ್ತು. ನಿಧಾನವಾಗಿ ತಿಳಿದದ್ದು ಇಷ್ಟು. ಮೂಲೆಯಲ್ಲಿರುವ ಚಿತ್ರಗಳು ಬೇರೆ ಬೇರೆ ತಂತ್ರಾಂಶಗಳಿಂದ ಬಂದು ಕುಳಿತ ಅತಿಥಿಗಳು. ಅವು ಕುಳಿತಿರುವ ಪರದೆಯಂಚಿನ ಪಟ್ಟಿ ಮಾತ್ರ ಇನ್ನೊಬ್ಬರದು. ಅತಿಥಿ ಬಣ್ಣ ಬದಲಿಸಿದಾಗ ಪಟ್ಟಿಯ ಯಜಮಾನ ಅದನ್ನು ಗಮನಿಸಿ ಮತ್ತೆ ಬಳಿದು ತೋರಿಸಬೇಕು. ಹೊಸ ಆವೃತ್ತಿಯಲ್ಲಿ ಅವನು ಬಾಣ ಬಂದು ತಟ್ಟಿದರೆ ಮಾತ್ರ ಏಳುತ್ತಿದ್ದ. ಸುಗುಣಳಿಗೆ ಇದನ್ನು ವಿವರಿಸಿದಾಗ ಅವಳು ಒಡನೆ, 'ಗೊತ್ತಾಯ್ತು, ನಮ್ಮಪ್ಪನ ಥರ. ಬಾಡಿಗೆಯವ್ರು ಬಾಗ್ಲು ತಟ್ಟೋವರ್ಗೂ ಸುಣ್ಣ ಹೊಡ್ಸಲ್ಲ' ಎಂದಳು.

ನನ್ನ ಮೊದಲ ತಿದ್ದುಪಡಿ ಹಾಕಿದಾಗ ಮೂಲೆಯ ಚಿತ್ರಗಳೆಲ್ಲ ಮದುವೆ ಮನೆಯ ಸೀರಿಯಲ್ ದೀಪಗಳಂತೆ ಮಿನುಗತೊಡಗಿದವು. ಎರಡನೆಯದು ಗಡಿಯಾರವನ್ನೇ ಅಳಿಸಿಹಾಕಿತು; ಊಟದ ಹೊತ್ತು ತಿಳಿಯದೆ ಹಾಲಿನಲ್ಲಿ ದಂಗೆಯೆದ್ದಿತು. ಆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಯಾವುದೋ ಶೀತಲ ದೇಶದ ಒಬ್ಬ ಸ್ವಯಂಸೇವಕನಿಗೆ ಪತ್ರ ಬರೆದೆ. ಅವನು ಸಜ್ಜನ. ನನ್ನ ದೀರ್ಘಸಮಾಸಭರಿತ ಇಂಗ್ಲಿಷನ್ನು ಸಹಿಸಿಕೊಂಡು, ನಾನು ಎಲ್ಲಿ ಎಡವಿದ್ದೇನೆಂದು ಸಾವಧಾನವಾಗಿ ತಿಳಿಸಿದ.

ಈ ದಿನಗಳಲ್ಲಿ ಹಾಲಿನಲ್ಲಿ ಬೇರೊಂದು ಬದಲಾವಣೆಯಾಯಿತು. ಸುಗುಣಳ ದೀಪ ಕೆಟ್ಟಿದೆಯೆಂದು ಎಲ್ಲರಿಗೂ ತಿಳಿದಿತ್ತಾದ್ದರಿಂದ ಅವಳಿಗೆ ಏನು ಹೇಳಬೇಕಿದ್ದರೂ ಎದ್ದು ಬರತೊಡಗಿದರು. ಭುಜ ತಟ್ಟದೆ ಮೇಜಿನ ಅಂಚನ್ನು ತಟ್ಟುವುದು, ಕಿಟಕಿಯ ಬೆಳಕು ಮುಖದ ಮೇಲೆ ಬೀಳುವಂತೆ ನಿಲ್ಲುವುದು, ಕಿರುಚದೆ ನಿಧಾನವಾಗಿ ಮಾತಾಡುವುದು, ಇವೆಲ್ಲ ಒಬ್ಬರನ್ನು ನೋಡಿ ಒಬ್ಬರು ಕಲಿತರು. ಬಂದವರು ಹೇಳಬೇಕಾದ್ದನ್ನಷ್ಟೇ ಹೇಳಿ ಹೋಗುತ್ತಿರಲಿಲ್ಲ. ಹೇಳಬೇಕಿಲ್ಲದ್ದನ್ನೂ ಹೇಳಿ ಹೋಗುತ್ತಿದ್ದರು. ದಿವಾಕರ್ ಅವರ ಮೀಸೆ ಯಾರಿಗೂ ತಿಳಿಸದೆ ಮೇಲ್ದುಟಿಯಿಂದ ಒಂದಷ್ಟು ಹಿಂದೆ ಸರಿಯಿತು.

ಮೂರನೆಯ ತಿದ್ದುಪಡಿ ಕೈಹಿಡಿಯಿತು. ಅದನ್ನು ಅವಳ ಕಂಪ್ಯೂಟರಿಗೆ ಹಾಕಿ, ನನ್ನ ಮೇಜಿಗೆ ಮರಳಿ ಸಂದೇಶ ಕಳಿಸಿದೆ. ದೂರದಿಂದಲೇ ನೋಡುತ್ತಿದ್ದೆ. ಅವಳ ಎರಡೂ ಕೈಗಳು ಮಡಿಲಲ್ಲಿದ್ದವು. ಸ್ವಲ್ಪ ಹೊತ್ತಿನ ಮೇಲೆ ನನ್ನ ಪರದೆಯಲ್ಲಿ ಟಿಂಗ್ ಎಂದಿತು. 'ಬಂತು' ಎಂದಷ್ಟೇ ಬರೆದಿದ್ದಳು. ಸ್ವಯಂಸೇವಕ ತಿದ್ದುಪಡಿಯನ್ನು ಎಲ್ಲರಿಗಾಗಿ ಸೇರಿಸಿಕೊಂಡು, ದೋಷವನ್ನು ಪತ್ತೆ ಮಾಡಿದವರ ಹೆಸರು ಕೇಳಿದ. ನಿನ್ನ ಹೆಸರು ಬರೆಯುತ್ತೇನೆ ಎಂದು ಸುಗುಣಳಿಗೆ ಹೇಳಿದೆ. 'ಸ್ಟೆಲ್ಲಾದೂ ಹಾಕಿ. ನಮ್ಮಮ್ಮಂದೂ ಹಾಕಿ, ಸಾರು ಅವ್ರದ್ದು ತಾನೇ' ಎಂದಳು. ಮೂರು ಹೆಸರನ್ನೂ ಬರೆದು ಕಳಿಸಿದೆ. ಅವನು ಪ್ರಶ್ನೆಯನ್ನೇ ಕೇಳದೆ ಸೇರಿಸಿಕೊಂಡ.

ಅಲ್ಲಿಗೆ ನನ್ನ ಸಾಹಸಗಾಥೆ ಮುಗಿಯಬೇಕು. ನಾನು ಬೆನ್ನು ತಟ್ಟಿಕೊಂಡದ್ದೂ ನಿಜ. ಆದರೆ ಕೆಲವು ದಿನಗಳಲ್ಲೇ ಸುಗುಣಳ ಮೇಜಿನ ಬಳಿ ಜನ ಕಡಿಮೆಯಾದರು. ದೀಪ ಸರಿಹೋಯಿತಲ್ಲ, ಏಳುವುದೇಕೆ? ಎಲ್ಲರೂ ತಮ್ಮ ತಮ್ಮ ಕುರ್ಚಿಗೆ ಮರಳಿ ಮತ್ತೆ ಕೀಲಿ ಕುಟ್ಟತೊಡಗಿದರು. ಅವಳಿಗೆ ಅದರಿಂದ ಬೇಸರವಾಯಿತೋ ಇಲ್ಲವೋ ನಾನು ಕೇಳಲಿಲ್ಲ, ನನಗಂತೂ ಆಯಿತು. ಕೆಟ್ಟದ್ದನ್ನು ಸರಿಪಡಿಸಿದ ಕೈಯೇ, ಕೆಟ್ಟಿದ್ದರಿಂದ ಹುಟ್ಟಿದ್ದ ಒಂದು ಒಳ್ಳೆಯದನ್ನೂ ಒರೆಸಿಹಾಕಿತೇನೋ ಎಂಬ ಅನುಮಾನ. ದೀಪ ಬೇಕಿತ್ತು, ಅದರಲ್ಲಿ ಸಂಶಯವಿಲ್ಲ. ಅದಿಲ್ಲದೆ ಅವಳ ಕೆಲಸ ಉಳಿಯುತ್ತಿರಲಿಲ್ಲ. ಆದರೆ ದೀಪ ಹೇಳುವುದು ಯಾರೋ ಕರೆಯುತ್ತಿದ್ದಾರೆ ಎಂಬುದನ್ನು ಮಾತ್ರ. ಬರುವುದನ್ನು ಅವರೇ ಬರಬೇಕು.

ಹೀಗೆ ತಾತ್ತ್ವಿಕನಾಗಿ ಕುಳಿತಿದ್ದ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳವಾಯಿತು. ದಿವಾಕರ್ ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ಇಳಿದುಬಂದು, ಸುಗುಣಳ ಮೇಜಿನ ಅಂಚನ್ನು ತಟ್ಟಿ, ಕಿಟಕಿಗೆ ಮುಖಮಾಡಿ ನಿಂತರು.

'ಮಂಡಿನೋವು ಇಟ್ಕೊಂಡು ಯಾಕ್ ಇಳಿದ್ರಿ ಸಾರ್?' ಎಂದಳು ಸುಗುಣ. 'ಮೆಸೇಜ್ ಹಾಕ್ಬಹುದಿತ್ತಲ್ಲ.'

'ಹಾಕಿದೀನಮ್ಮ' ಎಂದರು. 'ಬಂತಾ ಅಂತ ಕೇಳ್ಕೊಂಡ್ ಹೋಗೋಣ ಅಂತ ಬಂದೆ.'

ಮೂಲೆಯಲ್ಲಿ ಹಳದಿ ಹೊಳೆಯುತ್ತಿತ್ತು. ಅವಳು ಅತ್ತ ನೋಡಲಿಲ್ಲ. ಪಕ್ಕದ ಖಾಲಿ ಕುರ್ಚಿಯನ್ನು ಎಳೆದು ಅವರ ಕಡೆ ಸರಿಸಿ, 'ಕೂತ್ಕೊಂಡೇ ಹೇಳಿ' ಎಂದಳು.